ನಮ್ಮ ಅಪಾರ್ಟ್‌ಮೆಂಟಿನ ಹೊಗೆಯ ಲೆಕ್ಕ

ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ, ಕೋಣನಕುಂಟೆ ಕಡೆಗೆ, ನಲವತ್ತೆಂಟು ಮನೆಗಳ ಹಳೇ ಅಪಾರ್ಟ್‌ಮೆಂಟ್ ನಮ್ಮದು. ಈಜುಕೊಳ ಇಲ್ಲ, ಕ್ಲಬ್ ಹೌಸ್ ಇಲ್ಲ. ಎರಡು ಲಿಫ್ಟು, ಒಂದು ಜನರೇಟರು, ಒಂದು ಬೋರ್‌ವೆಲ್, ಕೆಳಗೊಂದು ಸಂಪು, ಮೇಲೊಂದು ಟ್ಯಾಂಕು. ಇಷ್ಟು ಆಸ್ತಿ ನೋಡಿಕೊಳ್ಳಲು ಒಂದು ಅಸೋಸಿಯೇಷನ್. ಅದಕ್ಕೊಬ್ಬ ಅಧ್ಯಕ್ಷರು, ಒಬ್ಬ ಖಜಾಂಚಿ, ಬೇರೆ ಯಾರೂ ಒಪ್ಪದ್ದಕ್ಕೆ ಕಾರ್ಯದರ್ಶಿಯಾದ ನಾನು. ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡಿ ನಿವೃತ್ತಳಾದವಳು. ಡೆಬಿಟ್, ಕ್ರೆಡಿಟ್ ಗೊತ್ತು. ಮೋಟಾರು, ಮೀಟರು ಗೊತ್ತಿರಲಿಲ್ಲ.

ಹೊಗೆ ಎಂದು ನಾನು ಕರೆಯುವುದು ನಾವು ಬಳಸುವ ಕರೆಂಟು, ಡೀಸೆಲ್, ಪೆಟ್ರೋಲು, ಗ್ಯಾಸಿನಿಂದ ಹೊರಟು ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡನ್ನು. ಈ ಕಾರ್ಬನ್ನಿನ ಮಾತು ಬಂದದ್ದು ದುಡ್ಡಿನ ಜಗಳದ ಮಧ್ಯೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಅರ್ಧ ಗಂಟೆ ನೀರು ಕೊಟ್ಟು ಗಾಳಿ ಉಗುಳುತ್ತಿತ್ತು. ಟ್ಯಾಂಕರಿನವರು ಫೋನೆತ್ತಿದರೆ ಪುಣ್ಯ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆ ಮಾರ್ಚಿನಲ್ಲಿ ಆದೇಶ ಮಾಡಿತ್ತು. ಮೇಂಟೆನೆನ್ಸ್ ಏರಿಸದೆ ಗತಿಯಿಲ್ಲ ಎಂದು ಖಜಾಂಚಿ ರಾಯರು ಸಭೆ ಕರೆದರು. ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟು, ಕೇಸರಿಬಾತು, ಕೂಗಾಟ. ಆಗ ಎರಡನೇ ಮಹಡಿಯ ಐಟಿ ಹುಡುಗ ಎದ್ದು ನಿಂತ. "ಆಂಟಿ, ಹೇಗೂ ಎಲ್ಲಾ ಬಿಲ್ಲೂ ತೆಗೀತಿದೀರ. ಕಾರ್ಬನ್ ಲೆಕ್ಕಾನೂ ಜೊತೆಗೇ ಹಾಕಿಬಿಡೋಣ." ರಾಯರು ಕನ್ನಡಕ ಮೇಲೆತ್ತಿ, "ಮೊದಲು ಟ್ಯಾಂಕರಿನ ಲೆಕ್ಕ ಸರಿಹೋಗ್ಲಿ ಕಣಪ್ಪ" ಅಂದರು. ಕೊನೆಗೆ ಎರಡೂ ಲೆಕ್ಕ ನನ್ನ ತಲೆಗೇ ಬಂತು. ಎಕ್ಸೆಲ್ ಮಾಡಿಕೊಡುವುದು ಮಾತ್ರ ಅವನ ಪಾಲು.

ಹೊಗೆಯ ಲೆಕ್ಕ ಅಂದರೆ ಯಾವುದೋ ವಿಜ್ಞಾನಿಗಳ ಕೆಲಸ ಅಂದುಕೊಂಡಿದ್ದವರಿಗಾಗಿ ಇದನ್ನು ಹೇಳುತ್ತೇನೆ: ಅದು ಶುದ್ಧ ಗುಣಾಕಾರ. ದೇಶದ ವಿದ್ಯುತ್ ಜಾಲದ, ಅಂದರೆ ಗ್ರಿಡ್ಡಿನ, ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆ.ಜಿ. ಹತ್ತಿರ, ಪೆಟ್ರೋಲಿಗೆ 2.3. ಅಡುಗೆ ಗ್ಯಾಸಿನ 14.2 ಕೆ.ಜಿ. ಸಿಲಿಂಡರು ಖಾಲಿಯಾಗುವಷ್ಟರಲ್ಲಿ 42 ಕೆ.ಜಿ. ಲೀಟರಿಗೆ ಒಂದು ಕಿಲೋ ತೂಕವೂ ಇಲ್ಲದ ಪೆಟ್ರೋಲು ಎರಡು ಕಿಲೋಗಿಂತ ಹೆಚ್ಚು ಹೊಗೆ ಹೇಗೆ ಕೊಡುತ್ತದೆ ಎಂದು ರಾಯರು ಪಟ್ಟು ಹಿಡಿದರು. ಉರಿಯುವಾಗ ಗಾಳಿಯ ಆಕ್ಸಿಜನ್ನೂ ಸೇರಿಕೊಳ್ಳುತ್ತದೆ, ತೂಕ ಅಲ್ಲಿಂದ ಬರುತ್ತದೆ ಎಂದು ಹುಡುಗ ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಲೆಕ್ಕ ತಾಳೆಯಾಗದೆ ಒಪ್ಪುವ ಮನುಷ್ಯ ಅಲ್ಲ ಅವರು. ಇಂಥವರೊಬ್ಬರು ಕಮಿಟಿಯಲ್ಲಿ ಇರಬೇಕು.

ಲಿಫ್ಟು, ಮೋಟಾರು, ಹೊರಗಿನ ದೀಪಗಳಿಗೆ ಸೇರಿದ ಕಾಮನ್ ಮೀಟರಿನ ಬಿಲ್ಲು ಫೈಲಿನಲ್ಲಿತ್ತು. ಜನರೇಟರಿನ ಡೀಸೆಲ್ ವಾಚ್‌ಮನ್ ಪುಸ್ತಕದಲ್ಲಿತ್ತು. ಟ್ಯಾಂಕರಿನ ಚೀಟಿಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಕಷ್ಟ ಆದದ್ದು ಮನೆಮನೆಯ ವಿವರ. ತಿಂಗಳಿಗೆ ಎಷ್ಟು ಪೆಟ್ರೋಲ್ ಹಾಕಿಸುತ್ತೀರಿ ಎಂದು ಚೀಟಿ ಹಂಚಿದರೆ, ಒಬ್ಬರು "ಇನ್‌ಕಮ್ ಟ್ಯಾಕ್ಸಿನೋರಿಗೆ ಕೊಡ್ತೀರಾ ಮೇಡಂ?" ಎಂದೇ ಕೇಳಿದರು. ಬಂದ ಚೀಟಿಗಳಿಂದ ಅಂದಾಜು ಕಟ್ಟಿದೆವು. ಎಲ್ಲಕ್ಕಿಂತ ದೊಡ್ಡದು ಕಾರು, ಸ್ಕೂಟರುಗಳ ಪೆಟ್ರೋಲು. ಅದರ ಹಿಂದೆಯೇ ಮನೆಯೊಳಗಿನ ಕರೆಂಟು. ಆಮೇಲೆ ಕಾಮನ್ ಮೀಟರು, ಗ್ಯಾಸು. ಜನರೇಟರು ಅಷ್ಟೆಲ್ಲ ಗಲಾಟೆ ಮಾಡಿಯೂ ಪಟ್ಟಿಯ ತಳದಲ್ಲಿತ್ತು.

ಹಾಗಾದರೆ ಪೆಟ್ರೋಲಿನಿಂದಲೇ ಶುರು ಮಾಡಬೇಕಲ್ಲವೇ ಎಂದು ಹುಡುಗನ ವಾದ. ಪುಸ್ತಕದ ಪ್ರಕಾರ ಅವನದು ಸರಿ. ಆದರೆ ಅಸೋಸಿಯೇಷನ್ ಎಂಬುದು ಮನೆಯ ಬಾಗಿಲ ಹೊಸ್ತಿಲಿಗೇ ಮುಗಿಯುವ ಸರ್ಕಾರ. ಯಾರ ಕಾರಿನ ಕೀಲಿಯೂ ನಮ್ಮ ಕೈಲಿಲ್ಲ. ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರ ಆಗಸ್ಟಿನಿಂದ, ಅರ್ಧಕ್ಕರ್ಧ ಮನೆಗಳಿಗೆ ಸೊನ್ನೆ ಬಿಲ್ಲು. 75 ವ್ಯಾಟಿನ ಫ್ಯಾನು ತೆಗೆದು 30 ವ್ಯಾಟಿನದು ಹಾಕಿಸಿ ಎಂದರೆ, "ಉಳಿಸಿ ಯಾರಿಗೆ ಕೊಡಬೇಕು?" ಎನ್ನುತ್ತಾರೆ. ತಪ್ಪೇನೂ ಅಲ್ಲ. ಕಾಮನ್ ಮೀಟರಿಗೆ ಆ ಭಾಗ್ಯವಿಲ್ಲ. ಅದರ ಒಂದೊಂದು ಯೂನಿಟ್ಟೂ ಎಲ್ಲರ ಜೇಬಿನಿಂದ ಹೋಗುತ್ತದೆ. ಸ್ವಿಚ್ಚು ನಮ್ಮ ಕೈಲಿರುವುದೂ ಅಲ್ಲೇ. ಆದ್ದರಿಂದ ಯಾವುದು ದೊಡ್ಡದು ಎಂದು ನೋಡಲಿಲ್ಲ, ಯಾವುದು ಯಾರೊಬ್ಬರದೂ ಅಲ್ಲ ಎಂದು ನೋಡಿ ಅಲ್ಲಿ ಕೈ ಹಾಕಿದೆವು. ಈ ಒಂದು ತೀರ್ಮಾನ ಆಗದೇ ಹೋಗಿದ್ದರೆ ನಾವು ಇನ್ನೂ ಚರ್ಚೆ ಮಾಡುತ್ತಲೇ ಇರುತ್ತಿದ್ದೆವು.

ದೀಪದ ಕೆಲಸ ಬೇಗ ಮುಗಿಯಿತು. ಬೇಸ್‌ಮೆಂಟಿನಲ್ಲಿ ಮೂವತ್ತು ಹಳೇ ಟ್ಯೂಬ್‌ಲೈಟು, ಚೋಕ್ ಸೇರಿ ಒಂದೊಂದಕ್ಕೆ 45 ವ್ಯಾಟು, ದಿನದ ಇಪ್ಪತ್ನಾಲ್ಕು ಗಂಟೆಯೂ ಉರಿಯುತ್ತಿದ್ದವು. ದಿನಕ್ಕೆ 32 ಯೂನಿಟ್! ನಡುರಾತ್ರಿ ಬೆಕ್ಕಿಗೆ ಬಿಟ್ಟು ಇನ್ಯಾರಿಗೂ ಬೇಡದ ಬೆಳಕು. ಎಲ್‌ಇಡಿ ಹಾಕಿಸಿ, ಅರ್ಧದಷ್ಟಕ್ಕೆ ಸೆನ್ಸರ್ ಕೂಡಿಸಿದೆವು. ಬಿ ಬ್ಲಾಕಿನ ಅಜ್ಜಿ, "ಕತ್ತಲಲ್ಲಿ ಕಾಲಿಟ್ಟ ಮೇಲೆ ದೀಪ ಬಂದ್ರೆ ಏನು ಪ್ರಯೋಜನ ಕಣಮ್ಮ, ಬಿದ್ದ ಮೇಲೆ ಬರುತ್ತಾ?" ಎಂದರು. ಲಿಫ್ಟಿನ ಮುಂದೆ, ಮೆಟ್ಟಿಲ ಬಳಿ ಸೆನ್ಸರ್ ತೆಗೆದೆವು. ಅಷ್ಟೇ.

ನೀರಿಗೆ ಬಂದಾಗ ಕಥೆ ಬೇರೆಯಾಯಿತು.

ನಮ್ಮ ವಾಚ್‌ಮನ್ ಯಾದಗಿರಿ ಕಡೆಯವನು. ಮೋಟಾರು ಹಾಕುವುದು, ಆರಿಸುವುದು ಅವನದೇ ಕೆಲಸ. ನಾನು ಬಿಲ್ಲು ಹರಡಿಕೊಂಡು ಕೂತದ್ದು ಕಂಡು ಬಾಗಿಲಲ್ಲಿ ನಿಂತು ಹೇಳಿದ: "ಅಕ್ಕೋರೆ, ರಾತ್ರಿ ಟಾಕಿ ತುಂಬಿ ಹರಿತದ್ರಿ. ಮಳಿ ಪೈಪಿನಾಗ ಸಪ್ಪಳ ಬರ್ತದ. ಬಾಲ್ ವಾಲ್ ಕೆಟ್ಟು ಭಾಳ ದಿನ ಆಯ್ತು." ಸಂಪಿನಿಂದ ಮೇಲಿನ ಟ್ಯಾಂಕಿಗೆ ಹಾಕುವ ಮೋಟಾರಿಗೆ ಆಟೊಮ್ಯಾಟಿಕ್ ಇತ್ತು, ಆದರೆ ಅದರ ಫ್ಲೋಟ್, ಅಂದರೆ ಟ್ಯಾಂಕು ತುಂಬಿದಾಗ ತೇಲಿ ಮೋಟಾರು ಆರಿಸಬೇಕಾದ, ಅವನು ಬಾಲ್ ವಾಲ್ ಎಂದ ಚೆಂಡು, ಒಂದೇ ಕಡೆ ಸಿಕ್ಕಿಕೊಂಡಿತ್ತು. ಅವನಿಗೆ ಎಚ್ಚರವಾದರೆ ಆರಿಸುತ್ತಿದ್ದ, ಇಲ್ಲದಿದ್ದರೆ ಮಳೆಯಿಲ್ಲದ ರಾತ್ರಿಯಲ್ಲೂ ಮಳೆ ಪೈಪಿನಿಂದ ನೀರು ಚರಂಡಿಗೆ. ಯಾವ ಆಡಿಟ್ ಕಂಪನಿಯವರು ಬಂದರೂ ಮೊದಲು ವಾಚ್‌ಮನ್‌ನನ್ನೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ಲೋಟ್ ಸರಿಯಾಯಿತು. ಆದರೂ ನೀರಿನ ಲೆಕ್ಕ ಕೂಡುತ್ತಿರಲಿಲ್ಲ. ಹುಡುಗ ಒಂದು ಉಪಾಯ ಹೇಳಿದ. ರಾತ್ರಿ ಒಂದು ಗಂಟೆಗೆ ಟ್ಯಾಂಕಿಗೆ ನೀರು ಬರುವ ಪೈಪು ಮುಚ್ಚುವುದು, ಮಟ್ಟ ಅಳೆಯುವುದು, ನಾಲ್ಕಕ್ಕೆ ಮತ್ತೆ ಅಳೆಯುವುದು. ಎಲ್ಲರೂ ಮಲಗಿರುವ ಹೊತ್ತು. ಆಗ ಇಳಿದದ್ದೆಲ್ಲ ಸೋರಿಕೆಯೇ. ಮೂವರೂ ತಾರಸಿಗೆ ಹೋದೆವು. ವಾಚ್‌ಮನ್ ಮುಚ್ಚಳ ಎತ್ತಿ ಹಿಡಿದ, ಹುಡುಗ ಮೊಬೈಲ್ ಟಾರ್ಚು ಬಿಟ್ಟ, ನಾನು ಟೈಲರ್ ಟೇಪಿಗೆ ಕಬ್ಬಿಣದ ನಟ್ಟೊಂದು ಕಟ್ಟಿ ಇಳಿಬಿಟ್ಟೆ. ಮೂರು ಗಂಟೆಯಲ್ಲಿ ಮಟ್ಟ ಎರಡೂವರೆ ಇಂಚು ಇಳಿದಿತ್ತು. ಎರಡೂವರೆ ಇಂಚು ಎಂದರೆ ಏನು ಮಹಾ ಅನ್ನಿಸುತ್ತದೆ. ನಮ್ಮ ಟ್ಯಾಂಕಿನ ತಳ ಹತ್ತು ಚದರ ಮೀಟರು. ಗುಣಿಸಿದರೆ 600 ಲೀಟರಿಗೂ ಮೇಲೆ. ಅದೇ ವೇಗದಲ್ಲಿ ದಿನಕ್ಕೆ ಐದು ಸಾವಿರ ಲೀಟರು. ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಂದು ಟ್ಯಾಂಕರು ನೀರನ್ನು ನಾವು ದಿನಾ ದುಡ್ಡು ಕೊಟ್ಟು ತರಿಸಿ, ಮೇಲೆ ಹತ್ತಿಸಿ, ಗಟಾರಕ್ಕೆ ಬಿಡುತ್ತಿದ್ದೆವು.

ನೀರಿಗೂ ಹೊಗೆಗೂ ಏನು ಸಂಬಂಧ ಎಂದು ಕೇಳುವವರಿಗೆ ಬೆಂಗಳೂರು ಎಲ್ಲಿದೆ ಎಂದು ನೆನಪಿಸಬೇಕು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದೇವೆ. ನಮ್ಮ ನಲ್ಲಿಗೆ ಬರುವ ಕಾವೇರಿ ಹೊರಡುವುದು ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ. ಅಲ್ಲಿ ಒಮ್ಮೆ ಪಂಪು, ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ. ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಏರು. ನಮ್ಮ ಕನಕಪುರ ರಸ್ತೆಯುದ್ದಕ್ಕೂ ಕಾಣುವ ದೊಡ್ಡ ಪೈಪುಗಳು ಅವೇ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ. ಸಾವಿರ ಲೀಟರು ನೀರನ್ನು 500 ಮೀಟರು ಎತ್ತಲು ಭೌತಶಾಸ್ತ್ರ ಕೇಳುವುದು 1.36 ಯೂನಿಟ್. ಪಂಪಿನ ನಷ್ಟ, ಪೈಪಿನ ತಿಕ್ಕಾಟ ಸೇರಿದರೆ ಎರಡು ಯೂನಿಟ್ ಎಂದು ಇಟ್ಟುಕೊಳ್ಳಬಹುದು. ಅದು ನಮ್ಮ ಮೀಟರಿನಲ್ಲಿ ತೋರುವುದಿಲ್ಲ. ಆದರೆ ಎಲ್ಲೋ ಒಂದು ಕಡೆ ಉರಿದೇ ಉರಿದಿರುತ್ತದೆ.

ಇದರಲ್ಲೊಂದು ತಮಾಷೆ ಇದೆ. ಅದೇ ಆಸುಪಾಸಿನ ಶಿವನಸಮುದ್ರದಲ್ಲಿ ಬೀಳುವ ಕಾವೇರಿಯಿಂದ ಕರೆಂಟು ತೆಗೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೊಟ್ಟರು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿದರು. ಆಗ ಇಳಿಯುವ ನದಿ ನಮಗೆ ಕರೆಂಟು ಕೊಟ್ಟಿತು. ಈಗ ನಾವು ಕರೆಂಟು ಕೊಟ್ಟು ನದಿಯನ್ನು ಹತ್ತಿಸಿಕೊಳ್ಳುತ್ತಿದ್ದೇವೆ.

ಬೋರ್‌ವೆಲ್ ನೀರಾದರೆ ಕಡಿಮೆ ಖರ್ಚು ಅಂದುಕೊಂಡಿದ್ದೆವು. ಮೋಟಾರಿಗೊಂದು ಚಿಕ್ಕ ಸಬ್ ಮೀಟರ್ ಹಾಕಿಸಿ, ಒಂದು ಗಂಟೆ ಓಡಿಸಿ, ಸಂಪಿನಲ್ಲಿ ಏರಿದ ಮಟ್ಟ ಅಳೆದೆವು. 900 ಅಡಿ ಆಳದಿಂದ ಸಾವಿರ ಲೀಟರು ಮೇಲೆ ಬರಲು ಹೆಚ್ಚುಕಡಿಮೆ ಎರಡು ಯೂನಿಟ್! ತೊರೆಕಾಡನಹಳ್ಳಿಯಿಂದ ಬರುವ ನೀರಿಗೂ ನಮ್ಮ ಅಂಗಳದ ನೀರಿಗೂ ಒಂದೇ ದರ. ಮೋಟಾರು ಎತ್ತಿಸಿ ನೋಡಿದರೆ ಪೈಪಿನ ಒಂದು ಜಾಯಿಂಟು ತುಕ್ಕು ಹಿಡಿದು ತೂತಾಗಿತ್ತು. ಎತ್ತಿದ ನೀರಿನಲ್ಲಿ ಒಂದು ಪಾಲು ಒಳಗೇ ವಾಪಸು ಬೀಳುತ್ತಿತ್ತು. ಪೈಪು ಬದಲಾದ ಮೇಲೆ ಒಂದೂವರೆ ಯೂನಿಟ್ಟಿಗೆ ಇಳಿಯಿತು.

ಇನ್ನು ಮನೆಗಳ ಒಳಗಿನ ಸೋರಿಕೆ. ನಲ್ಲಿ ತೊಟ್ಟಿಕ್ಕಿದರೆ ಕಣ್ಣಿಗೆ ಕಾಣುತ್ತದೆ, ಕಮೋಡಿನ ಫ್ಲಶ್ ಟ್ಯಾಂಕು ಸೋರಿದರೆ ಕಾಣುವುದಿಲ್ಲ. ಒಳಗಿನ ರಬ್ಬರು ಸವೆದು, ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರು ಇಳಿದುಹೋಗುತ್ತದೆ. ಪತ್ತೆ ಮಾಡುವುದು ಸುಲಭ: ಫ್ಲಶ್ ಟ್ಯಾಂಕಿಗೆ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಮುಟ್ಟದೆ ಬಿಡಬೇಕು, ಕೆಳಗೆ ಬಣ್ಣ ಕಂಡರೆ ಸೋರುತ್ತಿದೆ. ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿಯನ್ನೇ ಚಿಕ್ಕ ಪೊಟ್ಟಣ ಕಟ್ಟಿ ಮನೆಮನೆಗೆ ಕೊಟ್ಟೆ. ಒಂದು ಭಾನುವಾರ ಇಡೀ ಬಿಲ್ಡಿಂಗಿನ ಬಚ್ಚಲುಗಳಲ್ಲಿ ಕೇಸರಿ ಬಣ್ಣ. ಮಕ್ಕಳಿಗೆ ಹಬ್ಬ. ಮೂರರಲ್ಲಿ ಒಂದು ಮನೆಯಲ್ಲಿ ಬಣ್ಣ ಇಳಿಯಿತು. "ನಮ್ಮನೇದು ಹೊಸದು ಮೇಡಂ, ಬೇಕಾಗಿಲ್ಲ" ಎಂದವರ ಮನೆಯಲ್ಲೇ ಜೋರಾಗಿ ಇಳಿಯಿತು. ಪ್ಲಂಬರಣ್ಣ ಎರಡು ದಿನ ಇಲ್ಲೇ ಠಿಕಾಣಿ ಹೂಡಿ ವಾಷರು ಬದಲಿಸಿದ. ಖರ್ಚು ಅಸೋಸಿಯೇಷನ್ನಿನದೇ. ಇದನ್ನು ಮನೆಯವರ ಮೇಲೆ ಹಾಕಿದ್ದರೆ ಯಾರೂ ಮಾಡಿಸುತ್ತಿರಲಿಲ್ಲ. ರಾಯರು ಮೊದಲು ಮುಖ ಗಂಟಿಕ್ಕಿದರೂ, ಒಂದು ತಿಂಗಳ ಟ್ಯಾಂಕರ್ ಬಿಲ್ಲಿನ ಮುಂದೆ ವಾಷರಿನ ಬಿಲ್ಲು ಇಟ್ಟಾಗ ಚೆಕ್ಕಿಗೆ ಸಹಿ ಹಾಕಿದರು. ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರೂ ಆಗಲೇ ನಲ್ಲಿಗಳಿಗೆ ಬಿದ್ದವು. ಅದಂತೂ ಜಲಮಂಡಳಿಯ ಆದೇಶವೇ ಇತ್ತು.

ದಿನದ ಐದು ಸಾವಿರ ಲೀಟರಿನ ಸೋರಿಕೆಗೆ, ಸಾವಿರಕ್ಕೆ ಎರಡು ಯೂನಿಟ್ಟಿನಂತೆ, ವರ್ಷಕ್ಕೆ ಎರಡೂವರೆ ಟನ್ ಕಾರ್ಬನ್ ಡೈಆಕ್ಸೈಡ್. ಅದರಲ್ಲಿ ಬಹುಪಾಲು ನಿಂತಿತು. ತಡೆದದ್ದು ಒಂದಿಷ್ಟು ರಬ್ಬರಿನ ಬಿಲ್ಲೆಗಳು.

ಮನೆಮನೆಗೆ ನೀರಿನ ಮೀಟರ್ ಹಾಕುವ ಯೋಚನೆ ಮಾತ್ರ ನಿಂತಲ್ಲೇ ನಿಂತಿದೆ. ಹಳೇ ಕಟ್ಟಡದಲ್ಲಿ ಒಂದೊಂದು ಮನೆಗೆ ಒಂದು ಪೈಪು ಬರುವುದಿಲ್ಲ. ಅಡುಗೆಮನೆಗೆ ಪೈಪು ಇಳಿಯುವ ಒಂದು ಡಕ್ಟಿನಿಂದ, ಎರಡು ಬಚ್ಚಲಿಗೆ ಬೇರೆ ಬೇರೆ ಡಕ್ಟಿನಿಂದ. ಮನೆಗೆ ಮೂರೋ ನಾಲ್ಕೋ ಮೀಟರು ಬೇಕು. ಹೊಸದಾಗಿ ಕಟ್ಟಿಸುವವರು ಈ ಒಂದನ್ನು ಬಿಲ್ಡರಿಗೆ ಮೊದಲೇ ಹೇಳಿಬಿಡಿ.

ಮಳೆ ನೀರಿನ ಬಗ್ಗೆ ಜನ ತುಂಬ ಕನಸು ಕಾಣುತ್ತಾರೆ, ನಾವೂ ಕಂಡಿದ್ದೆವು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರು ಮಳೆ. ನಮ್ಮ ತಾರಸಿ ಸಾವಿರ ಚದರ ಮೀಟರು. ನಷ್ಟ ಕಳೆದು ಏಳೂಮುಕ್ಕಾಲು ಲಕ್ಷ ಲೀಟರು ಸಿಗಬೇಕು. ನಮ್ಮ ಒಂದು ತಿಂಗಳ ಬಳಕೆಗೂ ಸಾಲದು. ಆದರೂ ಫಿಲ್ಟರ್ ಕೂಡಿಸಿ ಸಂಪಿಗೆ ತಿರುಗಿಸಿದೆವು. ಈ ನೀರನ್ನು ಎತ್ತುವ ಕೆಲಸವನ್ನು ಮೋಡವೇ ಮಾಡಿ ಮುಗಿಸಿರುತ್ತದಲ್ಲ! 2009ರಲ್ಲಿ ಕಾನೂನು ತಿದ್ದಿ ದೊಡ್ಡ ಸೈಟುಗಳಿಗೆಲ್ಲ ಮಳೆ ಕೊಯ್ಲು ಕಡ್ಡಾಯ ಮಾಡಿದ್ದರು. ನಮ್ಮ ಕಟ್ಟಡದಲ್ಲೂ ಆಗ ಹಾಕಿದ ಪೈಪು ಇತ್ತು, ಫೋಟೋ ತೆಗೆಸಿಕೊಂಡ ಮೇಲೆ ಯಾರೂ ಆ ಕಡೆ ತಲೆ ಹಾಕಿರಲಿಲ್ಲ.

ಕರೆಂಟಿಗಾಗಿ ಸೋಲಾರ್ ಪ್ಯಾನಲ್ ಹಾಕಿಸುವ ಜಗಳ ತಾರಸಿ ಯಾರದು ಎಂಬುದರಿಂದ ಶುರುವಾಯಿತು. ಮೇಲ್ಮಹಡಿಯವರು, "ಬಿಸಿಲು ಬಿದ್ದು ಬೇಯೋರು ನಾವು, ತಾರಸಿ ನಮ್ದು" ಎಂದರು. ಮಿಕ್ಕವರಿಗೆ ಹಪ್ಪಳ ಸಂಡಿಗೆ ಒಣಗಿಸುವ ಜಾಗದ ಚಿಂತೆ. ಅರ್ಧ ಜಾಗ ಆಗಲೇ ನೀರು ಕಾಯಿಸುವ ಸೋಲಾರಿನದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಛಾವಣಿ ಸಾಮಾನ್ಯ ಆಸ್ತಿಯ ಪಟ್ಟಿಯಲ್ಲೇ ಇದೆ, ಆ ಕಟ್ಟಡದ ನೋಂದಾಯಿತ ಡಿಕ್ಲರೇಷನ್ ಪತ್ರದಲ್ಲಿ ಬೇರೆ ಬರೆದಿರಬಾರದು ಅಷ್ಟೆ. ನಮ್ಮ ಪತ್ರ ತೆಗೆದು ಓದಿ ತೋರಿಸಿದೆ. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ಪ್ಯಾನಲ್ಲನ್ನು ಆಳೆತ್ತರದ ಕಂಬದ ಮೇಲೆ ಕೂಡಿಸುವ ನಕ್ಷೆ: ಕೆಳಗೆ ನೆರಳು, ಮೇಲ್ಮಹಡಿ ಮನೆ ತಂಪು. ಸಂಡಿಗೆಗೆ ದಕ್ಷಿಣದ ಮೂಲೆ ಬಿಟ್ಟುಕೊಟ್ಟೆವು.

ಒಂದು ಕಿಲೋವ್ಯಾಟಿಗೆ ನೂರು ಚದರಡಿ ಜಾಗ, ಬೆಂಗಳೂರಿನ ಬಿಸಿಲಿಗೆ ವರ್ಷಕ್ಕೆ 1,400 ಯೂನಿಟ್ ಆಸುಪಾಸು. ನಮಗೆ ಹತ್ತು ಕಿಲೋವ್ಯಾಟು ಹಿಡಿಸಿತು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಒಂಟಿ ಮನೆಯವರಿಗೆ ಇನ್ನೂ ಹೆಚ್ಚು. ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಕರೆಂಟ್ ಹೋದಾಗ ಲಿಫ್ಟ್ ಓಡುತ್ತಲ್ವಾ?" ಓಡುವುದಿಲ್ಲ. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಕಟ್ಟಿದ ಸೋಲಾರು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ ಜೀವಕ್ಕೆ ಅಪಾಯ. ಇದನ್ನು ದುಡ್ಡು ಕೂಡಿಸುವ ಮೊದಲೇ ಹೇಳಿಬಿಡಬೇಕು; ಆಮೇಲೆ ಗೊತ್ತಾದರೆ ಮೋಸ ಮಾಡಿದಿರಿ ಎನ್ನುತ್ತಾರೆ. ಜನರೇಟರು ಹಾಗಾಗಿ ಇನ್ನೂ ಇದೆ. ಅದರ ಲೈನಿನಿಂದ ಬೋರ್‌ವೆಲ್ ಮೋಟಾರು ಬಿಡಿಸಿ, ಲಿಫ್ಟು ಮತ್ತು ದೀಪಕ್ಕೆ ಮಾತ್ರ ಇಟ್ಟಿದ್ದೇವೆ.

ಸೋಲಾರ್ ಬಂದ ಮೇಲೆ ಮಾಡಿದ ಒಂದು ಬದಲಾವಣೆಗೆ ಕಾಸು ಖರ್ಚಾಗಲಿಲ್ಲ. ಮೊದಲು ಬೆಳಗಿನ ಜಾವ ಮತ್ತು ಸಂಜೆ ಮೋಟಾರು ಹಾಕುತ್ತಿದ್ದರು. ಈಗ ಹತ್ತರಿಂದ ಮೂರರೊಳಗೆ ಬೋರ್‌ವೆಲ್ಲೂ ಓಡಬೇಕು, ಟ್ಯಾಂಕೂ ತುಂಬಬೇಕು. ನಮ್ಮ ತಾರಸಿಯ ಬಿಸಿಲೇ ನೀರನ್ನು ಎತ್ತುತ್ತದೆ. ಸೋಲಾರ್ ಇಲ್ಲದ ಅಪಾರ್ಟ್‌ಮೆಂಟಿನವರೂ ಇದನ್ನು ಮಾಡಬಹುದು. ಹಗಲು ಹೊತ್ತು ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿನಂಥವು ಗ್ರಿಡ್ಡಿಗೆ ಕರೆಂಟು ಸುರಿಯುತ್ತಿರುತ್ತವೆ. ಸೂರ್ಯ ಮುಳುಗಿದ ಮೇಲೆ ಎಲ್ಲರ ಮನೆ ದೀಪ ಹತ್ತುವ ಹೊತ್ತಿಗೆ ರಾಯಚೂರಿನ ಕಲ್ಲಿದ್ದಲಿನ ಕಡೆ ನೋಡಬೇಕು. ವಾಚ್‌ಮನ್‌ಗೆ ಮಾತ್ರ ಮಧ್ಯಾಹ್ನದ ನಿದ್ದೆ ಹೋಯಿತೆಂದು ಸಿಟ್ಟಿತ್ತು. ಟೈಮರ್ ಹಾಕಿಸಿದ ಮೇಲೆ ಅದೂ ಹೋಯಿತು.

ಕಸದ ವಿಷಯದಲ್ಲಿ ನಾವು ಅಂಥ ಶೂರರೇನಲ್ಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬಕೆಟ್, ಒಂದು ಚೀಲ ಎಂದು ಹೇಳಿದಾಗಿನಿಂದ ಹಸಿ, ಒಣ ಬೇರೆ ಮಾಡುತ್ತಿದ್ದೇವೆ. ಹಸಿ ಕಸ ಗುಡ್ಡೆ ಬಿದ್ದು ಗಾಳಿಯಾಡದೆ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಅದರ ವಾಸನೆ ಕುಡಿದು ಕುಡಿದು ಬೀದಿಗಿಳಿದು 2014ರ ಕೊನೆಗೆ ಲಾರಿ ನಿಲ್ಲಿಸಿದರು. ಹಾಗಂತ ಅಲ್ಲಿಗೆ ಹೋಗುತ್ತಿದ್ದುದು ಮಾಯವಾಗಲಿಲ್ಲ, ಇನ್ನೊಂದು ಊರಿಗೆ ಹೋಯಿತು. ನಾವು ಹಿಂದಿನ ಗೋಡೆಗೆ ತಾಗಿ ಕಬ್ಬಿಣದ ಜಾಲರಿ ಕಟ್ಟಿ ಹೊಂಗೆ, ಮಳೆಮರದ ಎಲೆ ತುಂಬುತ್ತೇವೆ. ಮೊದಲು ಗುಡಿಸುವಾಕೆ ಅದಕ್ಕೆ ಬೆಂಕಿ ಹಾಕುತ್ತಿದ್ದಳು. ಅರ್ಧ ಮನೆಗಳ ತರಕಾರಿ ಸಿಪ್ಪೆ ಗೊಬ್ಬರದ ಡ್ರಮ್ಮಿಗೆ ಹೋಗುತ್ತದೆ. ವಾಸನೆ ಬಂದರೆ ಒಣಗಿದ ಎಲೆ ಸಾಲದು ಎಂದರ್ಥ, ಮೇಲೆ ಒಂದು ಚೊಂಬು ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಗ ಕೊಳೆಯುತ್ತದೆ. ಮಿಕ್ಕ ಅರ್ಧ ಮನೆಯವರು ಇನ್ನೂ ಗಾಡಿಗೇ ಹಾಕುತ್ತಾರೆ. ಅವರ ಹಿಂದೆ ಬೀಳುವಷ್ಟು ಶಕ್ತಿ ನನಗಿಲ್ಲ.

2023ರ ನವೆಂಬರಿನಲ್ಲಿ ಆಗಿನ ಬಿಬಿಎಂಪಿ ಬೆಂಗಳೂರಿಗೊಂದು ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. 2050ರ ಹೊತ್ತಿಗೆ ನಗರದ ಹೊಗೆಯನ್ನು ನಿವ್ವಳ ಸೊನ್ನೆಗೆ, ಅಂದರೆ ಬಿಟ್ಟಷ್ಟನ್ನೂ ಹೀರಿಕೊಳ್ಳುವ ಮಟ್ಟಕ್ಕೆ, ತರುವ ಗುರಿ ಅದರಲ್ಲಿದೆ. ಹುಡುಗ ಅದನ್ನು ಪ್ರಿಂಟ್ ತೆಗೆದು ತಂದಿದ್ದ. ಓದಿದೆ. ನಗರದ ಮಟ್ಟದಲ್ಲಿ ಅಂಥದ್ದು ಬೇಕೇ ಬೇಕು. ಆದರೆ ನಮ್ಮ ಫ್ಲೋಟ್ ವಾಲ್ವು ಯಾವ ಯೋಜನೆಯ ಪಟ್ಟಿಯಲ್ಲೂ ಬರುವುದಿಲ್ಲ. ಒಂದೊಂದು ಕಟ್ಟಡಕ್ಕೂ ಅದರದೇ ಸೋರಿಕೆ, ಅದರದೇ ತುಕ್ಕು ಹಿಡಿದ ಜಾಯಿಂಟು. ಅಲ್ಲಿರುವವರೇ ಟೇಪು ಹಿಡಿದು ಹತ್ತಬೇಕು.

ಕಾಮನ್ ಬಿಲ್ಲು ಈಗ ಅರ್ಧಕ್ಕಿಂತ ಕೆಳಗೆ ಬಂದಿದೆ. ಉಳಿದ ದುಡ್ಡಿಗೆ ಹೊಸ ಜಗಳ. ಮೇಂಟೆನೆನ್ಸ್ ಇಳಿಸಿ ಎಂದು ಬಾಡಿಗೆಗೆ ಕೊಟ್ಟಿರುವ ಮಾಲೀಕರು, ಎರಡನೇ ಸಾಲಿನ ಪ್ಯಾನಲ್ ಹಾಕಿಸಿ ಎಂದು ಹುಡುಗ, ಮೊದಲು ಲಿಫ್ಟಿನ ಹಗ್ಗ ಬದಲಿಸಿ ಎಂದು ಅಜ್ಜಿ. ಅಜ್ಜಿ ಗೆದ್ದರು.

ಪೆಟ್ರೋಲಿನ ಕಾಲಮ್ಮು ಎಕ್ಸೆಲ್‌ನಲ್ಲಿ ಈಗಲೂ ಎಲ್ಲಕ್ಕಿಂತ ಎತ್ತರ. ಕೋಣನಕುಂಟೆ ಕ್ರಾಸಿನಲ್ಲೇ ಹಸಿರು ಮಾರ್ಗದ ಮೆಟ್ರೋ ಇದೆ. ಅಲ್ಲಿಗೆ ನಡೆಯಲು ಫುಟ್‌ಪಾತ್ ಇಲ್ಲ, ಆಟೋದವರು ಇಷ್ಟು ಹತ್ತಿರಕ್ಕೆ ಬರೊಲ್ಲ. ಬೆಳಗ್ಗೆ ಎಂಟೂವರೆಗೆ ಒಂದು ಆಟೋ ಗೊತ್ತು ಮಾಡಿ ನಾಲ್ಕೈದು ಜನ ಹಂಚಿಕೊಂಡು ಹೋಗುತ್ತಾರೆ, ಅಷ್ಟು ಸಾಧನೆ. ಎಲೆಕ್ಟ್ರಿಕ್ ಕಾರು ತಗೊಂಡ ಇಬ್ಬರು ತಮ್ಮ ಪಾರ್ಕಿಂಗಿಗೇ ಚಾರ್ಜರ್ ಕೇಳಿದರು. ಬೇಸ್‌ಮೆಂಟಿನಲ್ಲಿ ಬೆಂಕಿ ಬಿದ್ದರೆ ಯಾರು ಹೊಣೆ ಎಂದು ಪಕ್ಕದವರು. ಕೊನೆಗೆ ಹೊರಗೆ, ಜನರೇಟರಿನ ಪಕ್ಕ, ಎರಡು ಕಾಮನ್ ಪಾಯಿಂಟ್ ಎಂದು ತೀರ್ಮಾನವಾಯಿತು. ಬಿಸಿಲಿನ ಕರೆಂಟಿನಲ್ಲೇ ಕಾರು ಓಡಿಸಬಹುದೆಂದು ಹುಡುಗ ಹಿಗ್ಗಿದ್ದ, ಆದರೆ ಬಿಸಿಲಿರುವ ಹೊತ್ತಿಗೆ ಕಾರುಗಳು ಆಫೀಸಿನಲ್ಲಿರುತ್ತವೆ. ಹಗಲು ಮನೆಯಲ್ಲೇ ಇರುವ ನಿವೃತ್ತರ ಎರಡು ಸ್ಕೂಟರು ಸದ್ಯಕ್ಕೆ ಅಲ್ಲಿ ಚಾರ್ಜ್ ಆಗುತ್ತಿವೆ, ಅದರಲ್ಲೊಂದು ರಾಯರದು. ಯೂನಿಟ್ಟಿಗೆ ಎಷ್ಟು ದರ ಹಾಕಬೇಕೆಂಬುದು ಮುಂದಿನ ಸಭೆಯ ಮೊದಲ ವಿಷಯ. ರಾಯರು ಆಗಲೇ ಲೆಕ್ಕ ಹಾಕಿ ಇಟ್ಟಿದ್ದಾರಂತೆ.